ಮಂಡ್ಯ–ಮೈಸೂರು ಓಡಾಟಕ್ಕೆ ಹಳೆ ಝಡ್4: ಸ್ಪ್ರಿಂಗ್ ಹಾಕಿಸಲಾ, ಶಾಕ್ಸ್ ಹಾಕಿಸಲಾ, ಎರಡೂನಾ?

ಮಂಡ್ಯ_ಝಡ್:

ಎಲ್ಲರಿಗೂ ನಮಸ್ಕಾರ. ಹೋದ ದೀಪಾವಳಿ ಹೊತ್ತಿಗೆ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಝಡ್4 ತಂದೆ. ಇ89 ಮಾಡೆಲ್, ಮೇಲಿನ ಗಟ್ಟಿ ಟಾಪು ಮಡಚಿಕೊಂಡು ಡಿಕ್ಕಿಯೊಳಗೆ ಹೋಗುತ್ತಲ್ಲ, ಅದು. 2011ರ 35ಐ. ಮೀಟರು 64 ಸಾವಿರ ತೋರಿಸುತ್ತೆ, ನಂಬೋದು ಬಿಡೋದು ಬೇರೆ ವಿಷಯ. 18 ಇಂಚಿನ ವೀಲು, ಮುಂದೆ 225/40, ಹಿಂದೆ 255/35, ನಾಲ್ಕೂ ರನ್‌ಫ್ಲಾಟ್ ಟೈರು.

ನನ್ನ ಓಡಾಟ ಎಂಥದ್ದು ಅಂತ ಮೊದಲೇ ಹೇಳಿಬಿಡುತ್ತೇನೆ. ಮನೆ ಇರೋದು ಮಂಡ್ಯದಿಂದ ಒಳಗೆ 6 ಕಿ.ಮೀ., ವಿ.ಸಿ. ನಾಲೆ ಪಕ್ಕದ ರಸ್ತೆ. ಆ 6 ಕಿ.ಮೀ.ಗೆ 11 ಹಂಪು, ಎಣಿಸಿದ್ದೇನೆ. ವಾರಕ್ಕೆ ಎರಡು ಸಲ ಎಕ್ಸ್‌ಪ್ರೆಸ್‌ವೇ ಹಿಡಿದು ಮೈಸೂರಿಗೆ ಹೋಗಿ ಬರುತ್ತೇನೆ. ಆಗಾಗ ಭಾನುವಾರ ಬೆಳಗ್ಗೆ ಚಾಮುಂಡಿ ಬೆಟ್ಟ. ವರ್ಷಕ್ಕೊಂದು ಸಲ ಕೊಯಮತ್ತೂರಿನ ಕರಿ ರೇಸ್ ಟ್ರ್ಯಾಕಿಗೆ ಹೋಗಬೇಕು ಅಂತ ಆಸೆ ಇದೆ, ಇನ್ನೂ ಕೂಡಿಬಂದಿಲ್ಲ.

ಈಗ ತೊಂದರೆ ಏನಂದರೆ, ಸಣ್ಣ ಗುಂಡಿ ಸಿಕ್ಕರೂ ಮುಂದಿನ ಎಡಗಡೆಯಿಂದ "ಟಕ್" ಅಂತ ಶಬ್ದ ಬರುತ್ತೆ. ಎಕ್ಸ್‌ಪ್ರೆಸ್‌ವೇನಲ್ಲಿ 90ರಲ್ಲಿ ಹೋಗುವಾಗ ಸೇತುವೆ ಜಾಯಿಂಟ್ ಬಂತು ಅಂದರೆ ಹಿಂಭಾಗ ಒಂದು ಸಲ ಏಳುತ್ತೆ, ಇಳಿಯುತ್ತೆ, ಮತ್ತೆ ಏಳುತ್ತೆ, ಅಷ್ಟರಲ್ಲಿ ಮುಂದಿನ ಜಾಯಿಂಟ್ ಬಂದಿರುತ್ತೆ. ಊರೊಳಗೆ ನೋಡಿದರೆ ಕಲ್ಲಿನ ಹಾಗೆ ಗಟ್ಟಿ. ಅಪ್ಪನನ್ನು ಒಂದೇ ಒಂದು ಸಲ ಕೂರಿಸಿಕೊಂಡು ಹೋಗಿದ್ದೆ. ಇಳಿದವರು ಸೊಂಟ ಹಿಡ್ಕೊಂಡು, "ಇದ್ಕಿಂತ ನಮ್ ಎತ್ತಿನ ಗಾಡಿನೇ ವಾಸಿ ಕನ್ಲಾ, ಅದ್ಕಾರೆ ಹುಲ್ ಹಾಸ್ತಿದ್ವಿ" ಅಂದರು.

ಇದರ ಜೊತೆಗೆ, ಸುಳ್ಳು ಯಾಕೆ ಹೇಳಲಿ, ಗಾಡಿ ಸ್ವಲ್ಪ ಕೆಳಗೆ ಕೂತರೆ ಚೆನ್ನಾಗಿ ಕಾಣುತ್ತೆ ಅಂತಲೂ ಇದೆ. ಮುಂದಿನ ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಹೋಗುತ್ತೆ. ಬೆಂಗಳೂರಿನ ಒಂದು ಅಂಗಡಿಯವರು "ಬರೀ ಲೋಯರಿಂಗ್ ಸ್ಪ್ರಿಂಗ್ ಹಾಕೋಣ ಸಾರ್, ಅರ್ಧ ದಿನದ ಕೆಲಸ, 30 ಮಿ.ಮೀ. ಇಳಿಯುತ್ತೆ, ಶಾಕ್ಸ್ ಮುಟ್ಟೋದೇ ಬೇಡ" ಅಂದರು. ಇನ್ನೊಬ್ಬರು ಐಬಾಕ್ ಸ್ಪ್ರಿಂಗು, ಬಿಲ್‌ಸ್ಟೀನ್ ಶಾಕ್ಸು ಎರಡೂ ಹಾಕಿಸಿ ಅಂದರು. ಮೂರನೆಯವರು ಕಾಯಿಲ್‌ಓವರ್ (ಸ್ಪ್ರಿಂಗು ಶಾಕ್ಸು ಸೇರಿದ, ಎತ್ತರ ಬದಲಾಯಿಸಬಹುದಾದ ಸೆಟ್ಟು) ಬಿಟ್ಟು ಬೇರೆ ಮಾತೇ ಆಡಲ್ಲ. ದುಡ್ಡು ಒಂದೇ ಸಲ ಹಾಕೋದು, ಆಮೇಲೆ ಕೈ ಹಿಸುಕಿಕೊಳ್ಳೋ ಹಾಗೆ ಆಗಬಾರದು. ಈ ಕಡೆ ರಸ್ತೆಗಳಲ್ಲಿ ಓಡಿಸಿದವರು ಹೇಳಿ.

ಘಾಟಿ_ಗಿರಾಕಿ:

ಗುರು, ಕಾಯಿಲ್‌ಓವರ್ ಹಾಕಿಸು, ಮುಗೀತು. ಎತ್ತರ ನಿನ್ನ ಕೈಯಲ್ಲೇ ಇರುತ್ತೆ, ನಾಲೆ ರಸ್ತೆಗೆ ಏರಿಸ್ಕೋ, ಟ್ರ್ಯಾಕಿಗೆ ಇಳಿಸ್ಕೋ. ನನ್ನ ಗಾಡಿಗೆ ಹಾಕಿ ಎರಡು ವರ್ಷ ಆಯ್ತು. ಚಾಮರಾಜನಗರ ದಾಟಿ ದಿಂಬಂ ಘಾಟಿಯ 27 ಹೇರ್‌ಪಿನ್ ಇಳಿದು ಸತ್ಯಮಂಗಲದ ಮೇಲೆ ಕರಿ ಟ್ರ್ಯಾಕಿಗೆ ಮೂರು ಸಲ ಹೋಗಿ ಬಂದಿದ್ದೇನೆ. ಟ್ರ್ಯಾಕು 2.1 ಕಿ.ಮೀ. ಅಷ್ಟೇ, ಆದರೆ ತಿರುವಿಗೆ ಗಾಡಿ ಹಾಕಿದಾಗ ಮೈ ವಾಲೋದೇ ಇಲ್ಲ, ಆ ಮಜಾನೇ ಬೇರೆ. ಬರೀ ಸ್ಪ್ರಿಂಗ್ ಹಾಕಿಸೋರು ಆರು ತಿಂಗಳಿಗೆ ವಾಪಸ್ ಬಂದು ಶಾಕ್ಸ್ ಕೊಳ್ಳುತ್ತಾರೆ, ಆಮೇಲೆ ಅದೂ ಬೇಡ ಅಂತ ಕಾಯಿಲ್‌ಓವರ್ ಕೊಳ್ಳುತ್ತಾರೆ. ಮೂರು ಸಲ ಲೇಬರ್ ಕೊಡೋ ಬದಲು ಒಂದೇ ಸಲ ಕೊಡು.

ಕಬ್ಬಿನ_ಗಾಡಿ:

ನಾಲೆ ರಸ್ತೇಲಿ ಝಡ್4! ಅಣ್ಣಾ ನಿಮಗೆ ಕೈ ಮುಗಿದೆ. ಕಬ್ಬು ಅರೆಯೋ ಸೀಸನ್ ಶುರುವಾದ ಮೇಲೆ ಟ್ರ್ಯಾಕ್ಟರಿಂದ ಬಿದ್ದ ಜಲ್ಲೆ ಮೇಲೆ ಹತ್ತಿಸಬೇಡಿ, ಮುಂದಿನ ಬಂಪರ್ ಕೆಳಗಿನ ಪ್ಲಾಸ್ಟಿಕ್ಕು ಎಳ್ಕೊಂಡು ಹೋಗುತ್ತೆ. ನನ್ನ ಮಾರುತಿಗೇ ಆಗಿದೆ. ನಿಮ್ಮದು ಇನ್ನೂ 30 ಮಿ.ಮೀ. ಇಳಿಸಿದರೆ ಕಬ್ಬು ಇರಲಿ, ಸೌತೆಕಾಯಿ ಸಿಪ್ಪೆನೂ ತಾಗುತ್ತೆ.

ಹೆಬ್ಬಾಳ್_ಪಾನಾ:

ಸಾರ್, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ನೀವು ಹೇಳಿದ ಮೂರು ತೊಂದರೆ ಮೂರು ಬೇರೆ ಬೇರೆ ಜಾಗದ್ದು. ಅವನ್ನು ಒಂದೇ ಪೆಟ್ಟಿಗೆಯ ಸಾಮಾನಿನಲ್ಲಿ ಸರಿ ಮಾಡೋಕೆ ಹೊರಟಿದ್ದೀರಿ.

ಸಣ್ಣ ಗುಂಡಿಗೆ "ಟಕ್" ಅನ್ನೋದು ಬಹಳ ಸಲ ಸ್ಟ್ರಟ್ (ಮುಂದಿನ ಸ್ಪ್ರಿಂಗು ಶಾಕ್ಸು ಸೇರಿದ ಜೋಡಿ) ಮೇಲಿನ ಮೌಂಟು, ಇಲ್ಲವಾದರೆ ಲಿಂಕ್ ರಾಡು, ಅದೂ ಅಲ್ಲದಿದ್ದರೆ ವೀಲನ್ನು ಗಾಡಿಗೆ ಹಿಡಿಯೋ ಲೋಯರ್ ಆರ್ಮಿನ ಬುಷ್ಷು ಅನ್ನೋ ರಬ್ಬರು. ಬಾನೆಟ್ ತೆಗೆದು ಸ್ಟ್ರಟ್ ಮೌಂಟ್ ಮೇಲೆ ಅಂಗೈ ಇಟ್ಟುಕೊಳ್ಳಿ, ಇನ್ನೊಬ್ಬರು ಗಾಡಿ ನಿಂತಲ್ಲೇ ಸ್ಟೀರಿಂಗ್ ಆಚೆ ಈಚೆ ತಿರುಗಿಸಲಿ. ಕೈಗೆ ಕಟಕ್ ಅಂತ ಸಿಕ್ಕರೆ ಮೌಂಟು ಹೋಗಿದೆ. ಇದಕ್ಕೆ ಖರ್ಚಿಲ್ಲ, ಐದು ನಿಮಿಷದ ಕೆಲಸ.

ಊರೊಳಗಿನ ಗಟ್ಟಿತನದಲ್ಲಿ ದೊಡ್ಡ ಪಾಲು ನಿಮ್ಮ ರನ್‌ಫ್ಲಾಟ್ ಟೈರಿನದ್ದು. ಗಾಳಿ ಹೋದರೂ ಗಾಡಿ ತೂಕ ಹೊರಬೇಕು ಅಂತ ಅದರ ಪಕ್ಕದ ಗೋಡೆಯನ್ನು ದಪ್ಪ ಮಾಡಿರುತ್ತಾರೆ. ಗೋಡೆ ಬಗ್ಗದಿದ್ದರೆ ಪೆಟ್ಟು ಸೀದಾ ಮೇಲಕ್ಕೆ ಬರುತ್ತೆ. ಅದೂ ಹಳೇ ಟೈರಾಗಿದ್ದರೆ ರಬ್ಬರು ಇನ್ನೂ ಗಟ್ಟಿಯಾಗಿರುತ್ತೆ. ಟೈರಿನ ಗೋಡೆ ಮೇಲೆ ನಾಲ್ಕು ಅಂಕಿ ಇರುತ್ತೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಏನಿದೆ ಓದಿ ಹೇಳಿ.

ಇನ್ನು ಎಕ್ಸ್‌ಪ್ರೆಸ್‌ವೇ ಕುಣಿತ. ಅದು ಶಾಕ್ಸ್ ಸತ್ತ ಲಕ್ಷಣ. ಹೆಸರು ಶಾಕ್ ಅಬ್ಸಾರ್ಬರ್ ಅಂತ ಇದ್ದರೂ ಪೆಟ್ಟು ತಿನ್ನೋದು ಸ್ಪ್ರಿಂಗು. ಗಾಡಿ ಹೊರೋದೂ ಅದೇ, ಎಷ್ಟು ಎತ್ತರಕ್ಕೆ ನಿಲ್ಲಬೇಕು ಅನ್ನೋದೂ ಅದೇ. ಶಾಕ್ಸ್ ಕೆಲಸ ಒಂದೇ, ತಿಂದ ಪೆಟ್ಟನ್ನು ಸ್ಪ್ರಿಂಗ್ ವಾಪಸ್ ಉಗುಳುವಾಗ ಅದರ ಕೈ ಹಿಡಿಯೋದು. ಒಳಗಿನ ಎಣ್ಣೆ ಸಣ್ಣ ತೂತಿನಲ್ಲಿ ನುಗ್ಗುವಾಗ ಆ ಕುಣಿತವೆಲ್ಲ ಬಿಸಿಯಾಗಿ ಹೋಗುತ್ತೆ. ಹಿಡಿಯೋ ಕೈಗೆ ಬಲ ಇಲ್ಲ ಅಂದರೆ ಏಳು, ಇಳಿ, ಮತ್ತೆ ಏಳು.

ಈಗ ಆ ಅಂಗಡಿಯವರ ಮಾತಿಗೆ ಬನ್ನಿ. ಸುಮ್ನೆ ಒಂದು ಲೆಕ್ಕ ಹಾಕೋಣ. ಗಾಡಿ ಆಳು ಸೇರಿ 1,600 ಕೆ.ಜಿ. ಅಂದುಕೊಳ್ಳಿ. ಒಂದು ಮೂಲೆಗೆ 400, ಅದರಲ್ಲಿ ವೀಲು ಬ್ರೇಕು ಎಲ್ಲ 50 ಕಳೆದರೆ ಸ್ಪ್ರಿಂಗ್ ಮೇಲೆ ಕೂತಿರೋದು 350 ಕೆ.ಜಿ. ವೀಲಿನ ಹತ್ತಿರ ಸ್ಪ್ರಿಂಗಿನ ಬಿಗಿ ಮಿ.ಮೀ.ಗೆ 35 ನ್ಯೂಟನ್ ಇದ್ದರೆ ಗಾಡಿ ಸೆಕೆಂಡಿಗೆ 1.6 ಸಲ ತೂಗುತ್ತೆ. ಲೋಯರಿಂಗ್ ಸ್ಪ್ರಿಂಗು 30 ಪರ್ಸೆಂಟ್ ಗಟ್ಟಿ ಅಂತ ಇಟ್ಟುಕೊಂಡರೆ ಅದು 1.8 ಆಗುತ್ತೆ. ಆಗ ಮೊದಲಿನಷ್ಟೇ ಹಿಡಿತ ಬೇಕು ಅಂದರೆ ಶಾಕ್ಸ್ 14 ಪರ್ಸೆಂಟ್ ಜಾಸ್ತಿ ಜೋರು ಮಾಡಬೇಕು. ನಿಮ್ಮ ಶಾಕ್ಸಿಗೆ ಈಗಿನ ಮೆತ್ತಗಿನ ಸ್ಪ್ರಿಂಗನ್ನೇ ಹಿಡಿಯೋಕೆ ಆಗುತ್ತಿಲ್ಲ. ಅದರ ಕೈಗೆ ಇನ್ನೂ ಗಟ್ಟಿ ಸ್ಪ್ರಿಂಗ್ ಕೊಟ್ಟರೆ ಏನಾಗುತ್ತೆ ಹೇಳಿ.

ಅದೂ ಅಲ್ಲದೆ 30 ಮಿ.ಮೀ. ಇಳಿಸೋದು ಅಂದರೆ ಮೇಲಕ್ಕೆ ಹೋಗೋಕೆ ಇದ್ದ ಜಾಗದಲ್ಲಿ 30 ಮಿ.ಮೀ. ಮಾಯ. ಬಂಪ್ ಸ್ಟಾಪ್ ಅನ್ನೋ ರಬ್ಬರಿಗೆ ತಾಗೋ ಮೊದಲು 55 ಇತ್ತು ಅಂದುಕೊಂಡರೆ ಉಳಿಯೋದು 25. ನಿಮ್ಮ 11 ಹಂಪಿಗೂ ಗಾಡಿ ಕೂರೋದು ಆ ರಬ್ಬರಿನ ಮೇಲೇ. ಅಪ್ಪಾವರು ಎತ್ತಿನ ಗಾಡಿ ಅಂದಿದ್ದು ಇನ್ನೂ ಮರ್ಯಾದೆಗೆ.

ಎರಡು ಕೆಲಸ ಮಾಡಿ. ಒಂದು, ಹಿಂದಿನ ಶಾಕ್ಸ್ ಕೈಯಲ್ಲಿ ಒರೆಸಿ ನೋಡಿ. ಮೇಲ್ಭಾಗದಲ್ಲಿ ಸ್ವಲ್ಪ ಎಣ್ಣೆ ಆವಿ ಕೂತಿದ್ದರೆ ಚಿಂತೆ ಇಲ್ಲ, ಕೆಳಗಿನವರೆಗೂ ಒದ್ದೆಯಾಗಿ ಮಣ್ಣು ಮೆತ್ತಿಕೊಂಡಿದ್ದರೆ ಅದರ ಕಥೆ ಮುಗಿದಿದೆ. ಎರಡು, ಸಮ ನೆಲದ ಮೇಲೆ ನಿಲ್ಲಿಸಿ ಟೇಪಲ್ಲಿ ನಾಲ್ಕೂ ವೀಲಿನ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಅಳೆಯಿರಿ. ನೆಲದಿಂದ ಬೇಡ, ಟೈರಿನ ಗಾಳಿ ಸವೆತ ಎಲ್ಲ ಸೇರಿಕೊಂಡು ಲೆಕ್ಕ ಕೆಡುತ್ತೆ. ನಾಲ್ಕು ಅಂಕಿ ಇಲ್ಲಿ ಹಾಕಿ, ಮುಂದಿನದು ಆಮೇಲೆ ಮಾತಾಡೋಣ.

ಇನ್ನೊಂದು ಮರೆತಿದ್ದೆ. ನಿಮ್ಮದು ಎಲೆಕ್ಟ್ರಾನಿಕ್ ಶಾಕ್ಸಾ ಮಾಮೂಲಿಯಾ? ಒಳಗೆ ಸ್ಪೋರ್ಟ್ ಬಟನ್ ಇದೆ ಅಂದ ಮಾತ್ರಕ್ಕೆ ಎಲೆಕ್ಟ್ರಾನಿಕ್ ಅಂತಲ್ಲ, ಅದು ಬರೀ ಆಕ್ಸಿಲರೇಟರು ಸ್ಟೀರಿಂಗು ಬದಲಾಯಿಸೋದೂ ಇರಬಹುದು. ಶಾಕ್ಸಿಗೇ ವೈರ್ ಬಂದಿದೆಯಾ ನೋಡಿ. ಬಂದಿದ್ದರೆ ಮಾಮೂಲಿ ಶಾಕ್ಸ್ ಹಾಕಿದ ಕೂಡಲೇ ಡ್ಯಾಶ್‌ಬೋರ್ಡಲ್ಲಿ ದೀಪ ಹತ್ತಿಕೊಳ್ಳುತ್ತೆ, ಅದಕ್ಕೆ ಬೇರೆ ಏರ್ಪಾಡು ಬೇಕು.

ಘಾಟಿ_ಗಿರಾಕಿ:

ಪಾನಾ ಸಾರ್, ಬರೀ ಸ್ಪ್ರಿಂಗ್ ಬೇಡ ಅನ್ನೋದು ಸರಿ. ಆದರೆ ಒಳ್ಳೇ ಕಾಯಿಲ್‌ಓವರನ್ನು ಸ್ಟಾಕ್, ಅಂದರೆ ಕಂಪನಿ ಕೊಟ್ಟ ಎತ್ತರಕ್ಕೆ ಹತ್ತಿರ ಇಟ್ಟುಕೊಂಡರೆ ನೀವು ಹೇಳಿದ ಜಾಗ ಹೋಗೋ ಮಾತೇ ಬರಲ್ಲ ಅಲ್ವಾ? ಕೆಡಬ್ಲ್ಯು ವಿ3 ಥರದ್ದರಲ್ಲಿ ಕುಗ್ಗೋದಕ್ಕೆ ಬೇರೆ, ಹಿಗ್ಗೋದಕ್ಕೆ ಬೇರೆ ಅಡ್ಜಸ್ಟ್‌ಮೆಂಟ್ ಇದೆ. ಶಾಕ್ಸು ಸ್ಪ್ರಿಂಗು ಒಂದಕ್ಕೊಂದು ಹೊಂದಿಸಿಯೇ ಕೊಡುತ್ತಾರೆ. ಅದನ್ನೂ ಬೇಡ ಅಂದರೆ ಹೇಗೆ?

ಹೆಬ್ಬಾಳ್_ಪಾನಾ:

ಬೇಡ ಅನ್ನಲಿಲ್ಲ ಗುರುವೇ. ಒಳ್ಳೇ ಕಾಯಿಲ್‌ಓವರ್ ಒಳ್ಳೇದೇ, ವರ್ಷಕ್ಕೆ ಆರು ಸಲ ಟ್ರ್ಯಾಕಿಗೆ ಹೋಗೋರಿಗೆ ಅದೇ ಸರಿ. ಇವರು ಟ್ರ್ಯಾಕ್ ನೋಡೇ ಇಲ್ಲ, ನೋಡಿರೋದು ನಾಲೆ ಮಣ್ಣು. ಎತ್ತರ ಬದಲಾಯಿಸೋ ಆ ಥ್ರೆಡ್ಡಿನ ಚೂಡಿಯಲ್ಲಿ ಎರಡು ಮಳೆಗಾಲದ ಕೆಸರು ಕೂತರೆ ಆಮೇಲೆ ಪಾನಾ ಹಾಕಿದರೂ ತಿರುಗಲ್ಲ. ಇದನ್ನು ನಿಮಗೆ ಹೇಳಬೇಕಾ, ಎರಡು ವರ್ಷದಲ್ಲಿ ಎಷ್ಟು ಸಲ ಏರಿಸಿ ಇಳಿಸಿದ್ದೀರಿ? ನಿಜ ಹೇಳಿ.

ಅಡ್ಜಸ್ಟ್‌ಮೆಂಟ್ ಇದೆ ಅಂದರೆ ತಪ್ಪು ಮಾಡೋಕೂ ಅವಕಾಶ ಇದೆ. ನಮ್ಮ ಹುಡುಗನೊಬ್ಬ ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ ರೀಬೌಂಡ್, ಅಂದರೆ ಹಿಗ್ಗೋ ಕಡೆಯದು, ಪೂರ್ತಿ ಬಿಗಿ ಮಾಡಿದ್ದ. ಸಾಲಾಗಿ ಐದಾರು ಸಣ್ಣ ಪಟ್ಟಿ ಹಾಕಿರುತ್ತಾರಲ್ಲ ರಸ್ತೆಗೆ, ಅದರ ಮೇಲೆ ಹೋದಾಗ ಗಾಡಿ ಕುಗ್ಗುತ್ತೆ, ಪೂರ್ತಿ ಹಿಗ್ಗೋಕೆ ಶಾಕ್ಸ್ ಬಿಡಲ್ಲ, ಅಷ್ಟರಲ್ಲಿ ಮುಂದಿನ ಪಟ್ಟಿ ಬರುತ್ತೆ. ಪಟ್ಟಿ ಪಟ್ಟಿಗೂ ಗಾಡಿ ಕೆಳಕ್ಕೆ ಇಳಿಯುತ್ತಾ ಹೋಗಿ ಕೊನೆಗೆ ರಬ್ಬರ್ ಮೇಲೆ ಕೂತುಬಿಡುತ್ತೆ. ಅವನು ಸ್ಪ್ರಿಂಗ್ ಸರಿ ಇಲ್ಲ ಅಂತ ಅಂಗಡಿಯವನ ಹತ್ತಿರ ಜಗಳಕ್ಕೆ ಹೋಗಿದ್ದ.

ಆಮೇಲೆ ಝಡ್4ಗೆ ಮುಂದೆ ಸ್ಟ್ರಟ್ಟು, ಸ್ಪ್ರಿಂಗು ಶಾಕ್ಸಿನ ಮೈಮೇಲೇ ಇರುತ್ತೆ. ಹಿಂದೆ ಸ್ಪ್ರಿಂಗು ಬೇರೆ ಕಡೆ, ಶಾಕ್ಸು ಬೇರೆ ಕಡೆ. ಹಿಂದಿನ ಸ್ಪ್ರಿಂಗು ವೀಲಿಗಿಂತ ಒಳಗೆ, ಆರ್ಮಿನ ನಡುವೆ ಕೂತಿರುತ್ತೆ. ವೀಲು 10 ಮಿ.ಮೀ. ಎದ್ದಾಗ ಅಲ್ಲಿ 6 ಎದ್ದಿತು ಅಂದುಕೊಳ್ಳಿ, ಆಗ ಸ್ಪ್ರಿಂಗಿನ ಬಿಗಿಯಲ್ಲಿ ವೀಲಿಗೆ ಸಿಗೋದು 0.6ನ್ನು 0.6ರಿಂದ ಗುಣಿಸಿದಷ್ಟು, ಅಂದರೆ 36 ಪರ್ಸೆಂಟ್ ಮಾತ್ರ. ಅದಕ್ಕೇ ಹಿಂದಿನ ಸ್ಪ್ರಿಂಗಿನ ನಂಬರು ಮುಂದಿನದಕ್ಕಿಂತ ಸಾಮಾನ್ಯವಾಗಿ ದೊಡ್ಡದಾಗಿ ಕಾಣೋದು. ಡಬ್ಬದ ಮೇಲಿನ ನಂಬರ್ ನೋಡಿ "ಹಿಂದೆ ಬಹಳ ಗಟ್ಟಿ" ಅಂತ ಎಷ್ಟೋ ಜನ ಹೆದರುತ್ತಾರೆ.

ಘಾಟಿ_ಗಿರಾಕಿ:

ಎತ್ತರ ಬದಲಾಯಿಸಿದ್ದು ಒಂದೇ ಸಲ, ಹಾಕಿಸಿದ ವಾರ. ಒಪ್ಪಿಕೊಂಡೆ. ಇನ್ನೊಂದೂ ಒಪ್ಪಿಕೊಂಡುಬಿಡುತ್ತೇನೆ, ಮೊದಲು ತಂದಿದ್ದ ಅಗ್ಗದ ಸೆಟ್ಟಿನಲ್ಲಿ ಒಂದು 14 ತಿಂಗಳಿಗೇ ಸೋರಿತ್ತು, ಈಗಿರೋದು ಎರಡನೆಯ ಸೆಟ್ಟು. ಆದರೂ ನನ್ನ ಓಟು ಕಾಯಿಲ್‌ಓವರಿಗೇ.

ಸರಸ್ವತಿಪುರಂ_ತಾತ:

ನಾನು ರಸ್ತೆ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು, ಕಾರಿನ ವಿಷಯ ನಿಮ್ಮಷ್ಟು ಗೊತ್ತಿಲ್ಲ, ಹಂಪಿನ ವಿಷಯ ಗೊತ್ತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪು ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬಹುದು. ನಿಮ್ಮ ಗಾಡಿಯ ಮುಂದಿನ ವೀಲಿಗೂ ಹಿಂದಿನ ವೀಲಿಗೂ ಎರಡೂವರೆ ಮೀಟರ್ ಇರುತ್ತೆ. ಅಂಥ ಹಂಪಿನ ಮೇಲೆ ನಾಲ್ಕೂ ವೀಲು ಹತ್ತಿ ನಿಂತಾಗ ಹೊಟ್ಟೆ ಕೆಳಗೆ ಹಂಪು ಎದ್ದಿರೋದು ಬರೀ 46 ಮಿ.ಮೀ. ಇಳಿಸಿದ ಗಾಡಿಯೂ ದಾಟುತ್ತೆ.

ಊರಿನವರು ಅರ್ಧ ಮೂಟೆ ಸಿಮೆಂಟಿನಲ್ಲಿ ರಾತ್ರೋರಾತ್ರಿ ಕಟ್ಟಿದ ಹಂಪು ಹಾಗಲ್ಲ. ಅಗಲ ಎರಡಡಿ, ಎತ್ತರ ಆರಿಂಚು. ಅದು ಪೂರ್ತಿ ನಿಮ್ಮ ಎರಡು ವೀಲಿನ ನಡುವೆ ಬರುತ್ತೆ, ಆಗ ಆ ಆರಿಂಚೂ ಹೊಟ್ಟೆಗೇ. ಅದಕ್ಕೆ ಯಾವ ದೇಶದ ಸ್ಪ್ರಿಂಗ್ ತಂದರೂ ಪ್ರಯೋಜನ ಇಲ್ಲ. ಓರೆಯಾಗಿ ದಾಟಿಸೋದೊಂದೇ ದಾರಿ. ಊರಿನವರನ್ನು ಬಯ್ಯಬೇಡಿ, ಯಾವುದೋ ಮಗು ಬಿದ್ದಮೇಲೆ ಕಟ್ಟಿರುತ್ತಾರೆ.

ಇನ್ನೊಂದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ನೋಡಿಕೊಳ್ಳಿ. ತಯಾರಕರು ಕೊಟ್ಟ ವಿವರ ಆರ್‌ಸಿಯಲ್ಲಿ ಇರುತ್ತಲ್ಲ, ಅದಕ್ಕೆ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸಬಾರದು ಅಂತ ಅದರಲ್ಲಿದೆ. ಸ್ಟಾಕ್ ಎತ್ತರದ ಶಾಕ್ಸ್ ಅಂದರೆ ಸವೆದದ್ದಕ್ಕೆ ಬದಲು ಹಾಕಿದ ಹಾಗೆ, ಅದು ಒಂದು. ಇಳಿಸೋದು ಇನ್ನೊಂದು. ಇಳಿಸುವುದಾದರೆ ಇನ್ಶೂರೆನ್ಸಿನವರಿಗೆ ಮೊದಲೇ ಬರಹದಲ್ಲಿ ತಿಳಿಸಿ ಉತ್ತರ ಇಟ್ಟುಕೊಳ್ಳಿ. ಆಕ್ಸಿಡೆಂಟ್ ಆದಮೇಲೆ ಸರ್ವೇಯರ್ ಮೊದಲು ಬಗ್ಗಿ ನೋಡೋದೇ ಕೆಳಗೆ.

ಮಂಡ್ಯ_ಝಡ್:

ಎಲ್ಲರಿಗೂ ಥ್ಯಾಂಕ್ಸ್. ಪಾನಾ ಸಾರ್ ಹೇಳಿದ್ದೆಲ್ಲ ಮಾಡಿದೆ. ಸ್ಟ್ರಟ್ ಮೌಂಟ್ ಮೇಲೆ ಕೈ ಇಟ್ಟೆ, ತಮ್ಮ ಸ್ಟೀರಿಂಗ್ ತಿರುಗಿಸಿದ. ಬಲಗಡೆ ಏನೂ ಇಲ್ಲ. ಎಡಗಡೆ ಅಂಗೈಗೆ ಕಟಕ್ ಅಂತ ಹೊಡೀತು, ಸ್ಪ್ರಿಂಗು ತಡೆದು ತಡೆದು ಹಾರುತ್ತಿದೆ ಅನ್ನೋದು ಕೈಗೇ ಗೊತ್ತಾಗುತ್ತೆ.

ಶಾಕ್ಸಿಗೆ ವೈರ್ ಇಲ್ಲ, ಮಾಮೂಲಿದೇ. ಹಿಂದಿನವು ಎರಡೂ ಒದ್ದೆ, ಕೈ ಒರೆಸಿದ ಬನಿಯನ್ ಬಟ್ಟೆ ಕಪ್ಪಾಯಿತು. ಟೈರಿನ ಮೇಲೆ 2315 ಅಂತ ಇದೆ. ಅಂದರೆ 2015ರ 23ನೇ ವಾರ! ಮಾರಿದವರು ಹೊಸ ಟೈರ್ ಅಂದಿದ್ದರು. ಟೈರಿನ ಗುಂಡಿ, ಅಂದರೆ ಅಚ್ಚು, ಚೆನ್ನಾಗಿ ಉಳಿದಿರೋದು ನೋಡಿ ನಾನೂ ನಂಬಿದ್ದೆ.

ಅಳತೆ, ಮೂರು ಸಲ ಅಳೆದು ಹಾಕುತ್ತಿದ್ದೇನೆ. ಮುಂದೆ ಎಡ 368, ಬಲ 366. ಹಿಂದೆ ಎಡ 361, ಬಲ 349. ಹಿಂದಿನ ಬಲಗಡೆ ಟೇಪ್ ತಪ್ಪಿದೆಯೇನೋ ಅಂತ ಅಮ್ಮನ ಹೊಲಿಗೆ ಟೇಪ್ ತಂದು ಮತ್ತೆ ನೋಡಿದೆ, ಅದೇ 349.

ಹೆಬ್ಬಾಳ್_ಪಾನಾ:

ಹಿಂದೆ ಎಡಕ್ಕೂ ಬಲಕ್ಕೂ 12 ಮಿ.ಮೀ. ವ್ಯತ್ಯಾಸ ಜಾಸ್ತಿ ಆಯಿತು. ಟ್ಯಾಂಕು, ಡ್ರೈವರ್ ಸೀಟು ಅಂತೆಲ್ಲ ಹೇಳಿದರೂ ಅಷ್ಟು ಬರಲ್ಲ. ಗಾಡಿ ಎತ್ತಿಸಿ ಬಲಗಡೆ ಹಿಂದಿನ ಸ್ಪ್ರಿಂಗಿನ ತೀರಾ ಕೆಳಗಿನ ಸುತ್ತು ನೋಡಿ. ರಬ್ಬರ್ ಪ್ಯಾಡಿನಲ್ಲಿ ಕೂತಿರೋ ತುದಿ. ಬೆರಳು ಹಾಕಿ ಸವರಿ, ಆದರೆ ಗಾಡಿ ಸ್ಟ್ಯಾಂಡ್ ಮೇಲೆ ಇಲ್ಲದೆ ಬರೀ ಜಾಕ್ ಮೇಲೆ ಇರುವಾಗ ಕೈ ಹಾಕಬೇಡಿ. ಆ ಜಾಗದಲ್ಲಿ ನೀರು ಮಣ್ಣು ನಿಂತು ಬಣ್ಣ ಎದ್ದು ತುಕ್ಕು ಹಿಡಿದು, ಒಂದು ದಿನ ಹಂಪಿನ ಮೇಲೆ ತುದಿ ಮುರಿದು ಹೋಗುತ್ತೆ. ಓಡಿಸೋರಿಗೆ ಗೊತ್ತೂ ಆಗಲ್ಲ.

ಮಂಡ್ಯ_ಝಡ್:

ಸಾರ್, ನಿಮ್ಮ ಬಾಯಲ್ಲಿ ಏನಿದೆ! ಮೇಟಗಳ್ಳಿ ಕಡೆ ಒಂದು ಗ್ಯಾರೇಜಿನಲ್ಲಿ ರ‍್ಯಾಂಪಿಗೆ ಹಾಕಿಸಿದೆ. ಕೆಳಗಿನ ಸುತ್ತಿನ ತುದಿ ಮೂರು ಇಂಚು ಇಲ್ಲ. ಮುರಿದ ತುಂಡು ಅಲ್ಲೇ ಆರ್ಮಿನ ಬಟ್ಟಲಿನಲ್ಲಿ ಬಿದ್ದಿತ್ತು, ಮುರಿದ ಬಾಯಿ ಪೂರ್ತಿ ತುಕ್ಕು ಹಿಡಿದು ಕೆಂಪಾಗಿದೆ, ಅಂದರೆ ನಾನು ಕೊಳ್ಳೋ ಮೊದಲೇ ಹೋಗಿರೋದು. ಇಷ್ಟು ದಿನ ಮುರಿದ ಸ್ಪ್ರಿಂಗಿನಲ್ಲಿ ಎಕ್ಸ್‌ಪ್ರೆಸ್‌ವೇನಲ್ಲಿ ಹೋಗಿದ್ದೇನೆ ಅಂತ ನೆನೆಸಿಕೊಂಡರೆ ಈಗ ಕೈ ತಣ್ಣಗಾಗುತ್ತೆ.

ಅಲ್ಲಿದ್ದ ಒಬ್ಬರು "ಎಡಗಡೆದ್ದೂ ಅಷ್ಟೇ ಕಟ್ ಮಾಡಿ ಸಮ ಮಾಡಿಬಿಡೋಣ ಸಾರ್, ಕೆಳಗೂ ಕೂರುತ್ತೆ" ಅಂದರು. ಬೇಡ ಅಂದು ಬಂದೆ. ಸರಿ ಮಾಡಿದೆನಾ?

ಹೆಬ್ಬಾಳ್_ಪಾನಾ:

ಸರಿಯಾಗಿಯೇ ಮಾಡಿದಿರಿ. ಸ್ಪ್ರಿಂಗಿನ ಸುತ್ತು ಕಮ್ಮಿ ಆದಷ್ಟೂ ಬಿಗಿ ಜಾಸ್ತಿ. ಕೆಲಸ ಮಾಡುವ ಆರು ಸುತ್ತಿನಲ್ಲಿ ಒಂದು ಕತ್ತರಿಸಿದರೆ 20 ಪರ್ಸೆಂಟ್ ಗಟ್ಟಿ ಆಗುತ್ತೆ. ಕತ್ತರಿಸಿದ ತುದಿ ಪ್ಯಾಡಿನಲ್ಲಿ ಸರಿಯಾಗಿ ಕೂರಲ್ಲ, ವೀಲು ಪೂರ್ತಿ ಕೆಳಗಿಳಿದಾಗ ಸಡಿಲ ಆಗಿ ಜಾಗ ಬಿಟ್ಟು ಸರಿಯೋದೂ ಉಂಟು. ಗ್ಯಾಸ್ ಕಟ್ಟರಲ್ಲಿ ಬಿಸಿ ಮಾಡಿ ಕತ್ತರಿಸಿದರಂತೂ ಅಲ್ಲಿನ ಉಕ್ಕಿನ ಹದವೇ ಹೋಗುತ್ತೆ.

ಈಗ ಏನು ಕೊಳ್ಳಬೇಕು ಅನ್ನೋದು ತಾನೇ ಗೊತ್ತಾಯಿತು. ಹಿಂದಿನ ಸ್ಪ್ರಿಂಗು ಜೋಡಿ, ಸ್ಟಾಕ್ ಅಳತೆ. ಒಂದೇ ಹಾಕಬೇಡಿ. ಛಾಸಿ ನಂಬರ್ ಕೊಟ್ಟೇ ತರಿಸಿ, ಒಂದೇ ಮಾಡೆಲಿಗೂ ಗಾಡಿಯ ಸಾಮಾನಿನ ತೂಕ ನೋಡಿ ಬೇರೆ ಬೇರೆ ಸ್ಪ್ರಿಂಗ್ ಇರುತ್ತೆ. ತಂತಿ ದಪ್ಪ ಒಂದು ಮಿ.ಮೀ. ತಪ್ಪಿದರೂ ಗಾಡಿ ಬೇರೆ ಆಗುತ್ತೆ, 12 ಇರೋ ಕಡೆ 13 ಬಂದರೆ ಬಿಗಿ 38 ಪರ್ಸೆಂಟ್ ಏರುತ್ತೆ. ಕಣ್ಣಳತೆಗೆ ಎರಡೂ ಒಂದೇ ಥರ ಕಾಣುತ್ತೆ.

ಶಾಕ್ಸ್ ನಾಲ್ಕೂ ಹೊಸದು. ಸ್ಟಾಕ್ ಎತ್ತರ ಇಟ್ಟುಕೊಳ್ಳುವುದಾದರೆ ಬಿಲ್‌ಸ್ಟೀನಿನಲ್ಲಿ ಬಿ6 ನೋಡಬೇಕು, ಬಿ8 ಅಲ್ಲ. ಬಿ8 ಇಳಿಸಿದ ಸ್ಪ್ರಿಂಗಿಗಾಗಿ ಮೈ ಗಿಡ್ಡ ಮಾಡಿರೋದು. ಬಹಳ ಜನ ನಂಬರ್ ದೊಡ್ಡದು ಅಂತ ಬಿ8 ತರಿಸಿಬಿಡುತ್ತಾರೆ. ಇವು ಮಾನೊಟ್ಯೂಬ್, ಅಂದರೆ ಒಂದೇ ಕೊಳವೆಯವು, ಒಳಗೆ ಜೋರು ಒತ್ತಡದ ಗ್ಯಾಸು, ಮೊದಮೊದಲು ಸ್ವಲ್ಪ ಗಟ್ಟಿ ಅನ್ನಿಸುತ್ತೆ, ಆದರೆ ಗಾಡಿ ಹಿಡಿತದಲ್ಲಿರುತ್ತೆ. ಅಪ್ಪಾವರ ಸೊಂಟ ಮುಖ್ಯ ಅನ್ನೋದಾದರೆ ಸ್ಯಾಕ್ಸ್, ಕೆವೈಬಿ ಥರ ಕಂಪನಿ ಸ್ಪೆಕ್ಕಿನದು ಸಾಕು. ನಿಮ್ಮ ಛಾಸಿ ನಂಬರಿಗೆ ಯಾವುದು ಇದೆ ಅಂತ ಕ್ಯಾಟಲಾಗಲ್ಲಿ ತಾಳೆ ನೋಡಿಯೇ ದುಡ್ಡು ಕಟ್ಟಿ.

ಜೊತೆಗೆ ಮುಂದಿನ ಮೌಂಟು ಎರಡೂ, ಹಿಂದಿನ ಶಾಕ್ಸ್ ಮೌಂಟು, ಬಂಪ್ ಸ್ಟಾಪು, ಧೂಳಿನ ಬೂಟು, ಒಂದೇ ಸಲ ತರಿಸಿ. ಬಿಚ್ಚೋ ಕೂಲಿ ಒಂದೇ.

ಕೊನೆಗೆ ಒಂದು ಮಾತು, ಇದನ್ನು ನಿಂತು ಮಾಡಿಸಿ. ಆರ್ಮಿನ ಬುಷ್ ಬೋಲ್ಟುಗಳನ್ನು ವೀಲು ನೇತಾಡುವಾಗ ಬಿಗಿ ಮಾಡಬಾರದು. ಗಾಡಿ ಕೆಳಗಿಳಿದಾಗ ರಬ್ಬರು ತಿರುಚಿಕೊಂಡೇ ಇರುತ್ತೆ, ಎತ್ತರವೂ ಸುಳ್ಳು ತೋರಿಸುತ್ತೆ, ಬುಷ್ಷೂ ಬೇಗ ಹರಿಯುತ್ತೆ. ಕೈಬಿಗಿ ಮಾಡಿ ಇಳಿಸಿ, ಅಲೈನ್‌ಮೆಂಟ್ ರ‍್ಯಾಂಪ್ ಮೇಲೆ ನಾಲ್ಕೂ ವೀಲು ಕೂತಾಗ ಫೈನಲ್ ಬಿಗಿ. ಹುಡುಗರು ಅವಸರಕ್ಕೆ ಮೇಲೇ ಮುಗಿಸಿಬಿಡುತ್ತಾರೆ.

ಕಬ್ಬಿನ_ಗಾಡಿ:

ಮೂರಿಂಚು ಸ್ಪ್ರಿಂಗ್ ಇಲ್ಲದೆ 120 ಹೊಡೀತಿದ್ದಿರಾ ಅಣ್ಣಾ.

ಮಂಡ್ಯ_ಝಡ್:

ಲಿಮಿಟ್ 100, ಕ್ಯಾಮೆರಾ ಇದೆ. ನಾನು 90ಕ್ಕೆ ಮೇಲೆ ಹೋಗಿಲ್ಲ, ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು.

ಮಂಡ್ಯ_ಝಡ್:

ಏಳು ವಾರ ಆದಮೇಲೆ ಬರೆಯುತ್ತಿದ್ದೇನೆ. ಸಾಮಾನು ಬರೋದೇ ತಡ ಆಯಿತು. ಮೊದಲು ಟೈರ್ ಬದಲಾಯಿಸಿದೆ, ರನ್‌ಫ್ಲಾಟ್ ಬಿಟ್ಟು ಮಾಮೂಲಿ ಟೈರು, ಅಳತೆ ಅದೇ. ಸ್ಟೆಪ್ನಿಗೆ ಜಾಗ ಇಲ್ಲದ ಗಾಡಿ, ಹಾಗಾಗಿ ಪಂಕ್ಚರ್ ಕಿಟ್ಟು, ಸಣ್ಣ ಕಂಪ್ರೆಸರ್ ಡಿಕ್ಕಿಯಲ್ಲಿ. ಅವತ್ತೇ ಊರಿಗೆ ಬರುವಾಗ ನಾಲೆ ರಸ್ತೆ ಬೇರೆ ರಸ್ತೆಯ ಹಾಗಿತ್ತು. ಶಾಕ್ಸ್ ಇನ್ನೂ ಹಳೇದೇ, ಕುಣಿತ ಹಾಗೇ ಇತ್ತು, ಆದರೆ ಜಲ್ಲಿ ಮೇಲೆ ಹೋದರೆ ಹಲ್ಲು ಕಟಕಟ ಅನ್ನೋದು ನಿಂತುಹೋಯಿತು.

ಆಮೇಲೆ ಸ್ಟಾಕ್ ಎತ್ತರದ ಮಾನೊಟ್ಯೂಬ್ ಶಾಕ್ಸ್ ನಾಲ್ಕು, ಹಿಂದಿನ ಸ್ಪ್ರಿಂಗ್ ಜೋಡಿ, ಮೌಂಟುಗಳು. ಮುಂದಿನ ಸ್ಪ್ರಿಂಗ್ ಹಳೇದೇ ಸರಿ ಇತ್ತು. ಇಳಿಸೋ ಯೋಚನೆ ಕೈಬಿಟ್ಟೆ. ಈಗಿನ ಎತ್ತರದಲ್ಲೇ 11ರಲ್ಲಿ ಎರಡು ಹಂಪಿಗೆ ಓರೆ ಹಾಕಬೇಕು, ತಾತ ಹೇಳಿದ ಹಾಗೆ. ನಾಲ್ಕು ಬೆರಳಿನ ಜಾಗ ಹಾಗೇ ಇದೆ, ಇರಲಿ.

ಎಕ್ಸ್‌ಪ್ರೆಸ್‌ವೇ ಜಾಯಿಂಟಿಗೆ ಈಗ "ಧಬ್" ಅಂತ ಒಂದೇ ಸಲ, ಮುಗೀತು. ಶ್ರೀರಂಗಪಟ್ಟಣ ಬೈಪಾಸ್ ಸೇತುವೆಗಳ ಮೇಲೆ ಬೇಕು ಅಂತಲೇ ಕಾದು ನೋಡಿದೆ, ಎರಡನೇ ಕುಣಿತ ಬರಲೇ ಇಲ್ಲ. ಬೆಟ್ಟದ ತಿರುವಿನಲ್ಲಿ ಮುಂದಿನ ಎಡಗಡೆ ಕಟಕ್ ಇಲ್ಲ. ಅಪ್ಪನನ್ನು ಕೂರಿಸಿಕೊಂಡು ಹೋದೆ. "ಪರ್ವಾಗಿಲ್ಲ ಕನ" ಅಂದರು, "ಆದ್ರೂ ಹತ್ತೋದು ಇಳಿಯೋದು ಕಷ್ಟ".

ಅಲೈನ್‌ಮೆಂಟ್ ಪ್ರಿಂಟ್‌ಔಟ್ ಫೋಟೋ ಹಾಕಿದ್ದೇನೆ. ಬುಷ್ ಬೋಲ್ಟ್ ರ‍್ಯಾಂಪ್ ಮೇಲೇ ಬಿಗಿ ಮಾಡಿಸಿದೆ, ನಿಂತು ನೋಡಿದೆ. ಗ್ಯಾರೇಜಿನ ಹುಡುಗ "ನೀವೇನ್ ಸಾರ್ ಇನ್‌ಸ್ಪೆಕ್ಟ್ರಾ" ಅಂದ.

ಹೆಬ್ಬಾಳ್_ಪಾನಾ:

ಚೆನ್ನಾಗಿ ಬಂದಿದೆ. ಹಿಂದಿನ ಟೋ (ವೀಲು ಒಳಗೆ ಹೊರಗೆ ತಿರುಗಿರೋ ಕೋನ) ಎಡ ಬಲ ಒಂದು ಚೂರು ಆಚೆ ಈಚೆ ಇದೆ, ಅಷ್ಟು ಇರುತ್ತೆ. ಅಲೈನ್‌ಮೆಂಟ್ ಮಾಡುವಾಗ ಗಾಡಿಯಲ್ಲಿ ತೂಕ ಏನಾದರೂ ಇತ್ತಾ? ಹಳೇ ಬಿಎಂಡಬ್ಲ್ಯುಗಳಿಗೆ ಸೀಟಿನ ಮೇಲೆ 68 ಕೆ.ಜಿ., ಡಿಕ್ಕಿಯಲ್ಲಿ 21 ಕೆ.ಜಿ. ಇಟ್ಟು, ಟ್ಯಾಂಕ್ ತುಂಬಿಸಿ ಮಾಡಬೇಕು ಅಂತ ಕಂಪನಿಯ ಪುಸ್ತಕದಲ್ಲೇ ಇರುತ್ತೆ. 500 ಕಿ.ಮೀ. ಆದಮೇಲೆ ಇನ್ನೊಂದು ಸಲ ನೋಡಿಸಿ, ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತೆ.

ಮಂಡ್ಯ_ಝಡ್:

ಟ್ಯಾಂಕ್ ಫುಲ್ ಇತ್ತು ಸಾರ್. ಸೀಟು ಖಾಲಿ. ಡಿಕ್ಕಿಯಲ್ಲಿ 25 ಕೆ.ಜಿ. ಅಕ್ಕಿ ಮೂಟೆ ಇತ್ತು, ಅಕ್ಕನ ಮನೆಗೆ ಕೊಡೋಕೆ ಅಂತ ಅಮ್ಮ ಹಾಕಿದ್ದರು, ಇಳಿಸೋದು ಮರೆತಿದ್ದೆ.

ಹೆಬ್ಬಾಳ್_ಪಾನಾ:

4 ಕೆ.ಜಿ. ಜಾಸ್ತಿ ಆಯಿತು, ನಡೆಯುತ್ತೆ. ಮುಂದಿನ ಸಲ ಸೀಟಿಗೂ ಸೇರಿಸಿ ತನ್ನಿ.